ಕಾಲೂರದೆ

ಲಾನ್ಸೆಸ್ಟನ್ನಿನಲ್ಲಿ ಸೆಪ್ಟೆಂಬರೆಂದರೆ ವಸಂತ,
ಹಾಗಂತ ಕ್ಯಾಲೆಂಡರು; ಬೆರಳು ಒಪ್ಪುವುದಿಲ್ಲ.
ಬೆಳಿಗ್ಗೆ ಏಳೂವರೆ, ಡಾಂಬರಿನ ಮೇಲಿನ್ನೂ ತೆಳು ಮಂಜು.
ವ್ಯಾನಿನಿಂದ ಕಿತ್ತಳೆ ಕೋನುಗಳನ್ನಿಳಿಸುತ್ತ ಗ್ಲೆನಿಸ್ ಅಂದಳು:
"ಜೋರಾಗಿ ಓಡಿಸುವುದನ್ನು ಯಾರೂ ಕಲಿಸಿಯಾರು.
ನಿಧಾನಕ್ಕೇ ಗುರು ಬೇಕು."

ಇಪ್ಪತ್ತಾರು ವರ್ಷ ಅಂಚೆ ಹಂಚಿದವಳು,
ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಹ್ಯಾಂಡಲ್,
ಗೇಟಿನಿಂದ ಗೇಟಿಗೆ, ನಾಯಿಯಿಂದ ನಾಯಿಗೆ,
ಕಾಲೂರದೆ.

ನಾನು ನಲವತ್ತೊಂಬತ್ತರ ವಿದ್ಯಾರ್ಥಿನಿ.
ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ನೋಡುವ ಕೆಲಸ.
ಬೈಕಿನ ಅನುಭವವೆಲ್ಲ ಹಿಂದಿನ ಸೀಟಿನದು:
ಹುಬ್ಬಳ್ಳಿಯಲ್ಲಿ, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು,
ಗಾಡಿ ಎಡಕ್ಕೆ ವಾಲಿದಾಗಲೆಲ್ಲ ನಾನು ಬಲಕ್ಕೆ.
"ಚೀಲದಂಗ ಸುಮ್ನ ಕುಂದ್ರು, ಅಳ್ಳಾಡಬ್ಯಾಡ!" ಸೋದರಮಾವನ ಗದರಿಕೆ.
ಚೀಲದ ಹಾಗೆ ಕೂರುವುದನ್ನು ಚೆನ್ನಾಗಿಯೇ ಕಲಿತೆ.

ಇಲ್ಲಿ ಮೊದಲ ಪಾಠ ಹಾಫ್ ಕ್ಲಚ್.
ಪೂರ್ತಿ ಹಿಡಿದರೆ ಗಾಡಿ ಶವ, ಪೂರ್ತಿ ಬಿಟ್ಟರೆ ಗೂಳಿ;
ನಡುವೆಲ್ಲೋ ಗೋಧಿಕಾಳಿನಷ್ಟು ಜಾಗ,
ಅಲ್ಲೇ ಸಂಸಾರ ಮಾಡಬೇಕು.
ಪಿಪೆಟ್ಟು ಒತ್ತುವ ನನ್ನ ಹೆಬ್ಬೆರಳಿಗೆ ಆ ಜಾಗ ಗೊತ್ತು,
ಹನಿ ಬೀಳುವುದಕ್ಕೂ ಬೀಳದಿರುವುದಕ್ಕೂ ನಡುವೆ.
ಎಡಗೈಗೆ ತಿಳಿಹೇಳಲು ಮೂರು ಶನಿವಾರ ಹಿಡಿಯಿತು.
ಹಿಂದಿನ ಬ್ರೇಕಿನ ಮೇಲೆ ಪಾದ,
ಸಂತೆಯಲ್ಲಿ ಮಗುವಿನ ಕೈ ಹಿಡಿದಂತೆ:
ಅದು ಎಳೆಯುತ್ತದೆ; ಬಿಡಬೇಡ, ಜಗ್ಗಲೂ ಬೇಡ.

"ಈಗ ಎಂಟು ಹಾಕು" ಅಂದಳು.
ಹಾಕಿದೆ. ಅದು ಕನ್ನಡದ ಎಂಟಾಯಿತು:
ಸುತ್ತಿ ಬಂದ ಗೆರೆ ಹೊರಟಲ್ಲಿಗೆ ಸೇರಲೇ ಇಲ್ಲ,
ಬೇಲಿಯತ್ತ ಬಾಲ ಚಾಚಿಕೊಂಡು ನಿಂತಿತು.
ಕಾಲೂರಿದೆ. ಬೈಕು ತನ್ನ ಭಾರವೆಲ್ಲ ನನ್ನ ಮಂಡಿಗೆ ಹೊರಿಸಿ
ಆರಾಮಾಗಿ ಮಲಗಿತು.
ಎತ್ತುವಾಗ ಇಬ್ಬರೂ ನಕ್ಕೆವು. ಮಂಡಿ ನಗಲಿಲ್ಲ.

ಆಮೇಲೆ ಆ ಮೂಲೆ. ಡಾಂಬರು ಒಡೆದು ಜಲ್ಲಿಯಾದಲ್ಲಿ
ಒಂದು ಟಿಟ್ಟಿಭ ಮೊಟ್ಟೆಯಿಟ್ಟಿತ್ತು.
ಇವರು ಪ್ಲೋವರ್ ಅನ್ನುತ್ತಾರೆ; ಕೊಕ್ಕಿನ ಪಕ್ಕ ಹಳದಿ ಜೋಲು.
ಗೂಡೆಂದರೆ ಗೂಡಲ್ಲ, ಜಲ್ಲಿಯಲ್ಲೇ ಜಲ್ಲಿಯ ಬಣ್ಣದ ನಾಲ್ಕು.
ಗ್ಲೆನಿಸ್ ಸುತ್ತ ಕೋನಿಟ್ಟು ಪಾಠದ ನಕ್ಷೆಯನ್ನೇ ಬದಲಿಸಿದಳು.
ಯು-ಟರ್ನು ಸರಿಯಾಗಿ ಅದರೆದುರಿಗೇ ಬಂತು.

ಮತ್ತೆ ನನಗೆ ಬೇರೇನೂ ಕಾಣಲಿಲ್ಲ.
ತಾಗಬಾರದು, ತಾಗಬಾರದು ಅಂದಷ್ಟೂ
ಚಕ್ರ ಹಗ್ಗ ಕಟ್ಟಿ ಎಳೆದಂತೆ ಆ ಕಡೆಗೇ.
ಹಕ್ಕಿ ಜಾಗ ಬಿಡಲಿಲ್ಲ. ರೆಕ್ಕೆ ಬಿಚ್ಚಿ ಬೈಯುತ್ತಾ ಕೂತೇ ಇತ್ತು.
ಎರಡು ಗೇಣು ಬಾಕಿಯಿರುವಾಗ ಬ್ರೇಕು. ಎಂಜಿನ್ ಆಫ್.

"ಮೊಟ್ಟೆ ನೋಡಬೇಡ."
"ನೋಡದೆ ತುಳಿದುಬಿಟ್ಟರೆ?"
"ನೋಡಿದರೇ ತುಳಿಯುವುದು. ಕಣ್ಣು ಹೋದಲ್ಲಿಗೆ ಗಾಡಿ.
ಅಗೋ ನನ್ನ ವ್ಯಾನು, ಅದರ ಕನ್ನಡಿ ನೋಡು."

ಗದ್ದ ಹೆಗಲಿಗೆ ತಾಗುವಷ್ಟು ತಿರುಗಬೇಕು.
ಎಲ್ಲಿ ಬೀಳಬಹುದೆಂದು ನೋಡಿಕೊಂಡೇ ಇಷ್ಟು ವರ್ಷ ನಡೆದ ಕತ್ತು,
ಕಿರುಗುಟ್ಟಿತು. ತಿರುಗಿತು.
ವ್ಯಾನಿನ ಕನ್ನಡಿಯಲ್ಲಿ ಒಂದು ಚೂರು ಬಿಸಿಲು.
ಗಾಡಿ ಒಳಕ್ಕೆ ವಾಲಿತು, ನಾನು ಹೊರಕ್ಕೆ ಸರಿದೆ,
ಸೋದರಮಾವ ಬೈದ ಅದೇ ತಪ್ಪು;
ಈ ನಿಧಾನದಲ್ಲಿ ಅದೇ ಸರಿಯಂತೆ.
ಹಕ್ಕಿಯ ಬೈಗುಳ ಮುಂದಿತ್ತು, ಬಲಕ್ಕಾಯಿತು,
ಬೆನ್ನಿಗಾಯಿತು.

ಮುಂದಿನ ವಾರ ನದಿಯ ದಂಡೆಯ ರಸ್ತೆ, ನಿಜವಾದ ತಿರುವು.
ಅಲ್ಲಿ ಎಡಕ್ಕೆ ಹೊರಳಲು ಎಡಹಿಡಿಯನ್ನೇ ಮುಂದೆ ತಳ್ಳಬೇಕಂತೆ.
ನನಗಿನ್ನೂ ನಂಬಿಕೆಯಿಲ್ಲ.

ಸ್ಟ್ಯಾಂಡು ಹಾಕಿದೆ. "ಈಗ ನೋಡಬಹುದಾ?"
ಹಕ್ಕಿ ಎದ್ದು ಕಾಲು ಬದಲಿಸುತ್ತಿತ್ತು.
ಎಣಿಸಿದೆ. ನಾಲ್ಕು.