ನೀರಗಂತಿ

ಪರೀಕ್ಷೆಗೆ ಇನ್ನೆರಡೇ ದಿನ.
ನಡುರಾತ್ರಿ ಹನ್ನೆರಡು ದಾಟಿ ಒಂದು ನಿಮಿಷಕ್ಕೆ
ನಿಜ್ವಾದ ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯ
ಬಾಗಿಲು ಹಾಕಿಕೊಂಡಿತು.
ಕಟ್ಟಡದ ಬಾಗಿಲಲ್ಲ; ಅದಕ್ಕೆ ಹತ್ತು ಗಂಟೆಗೇ
ಖಲ್ಫಾನ್ ಬೀಗ ಜಡಿದು ಮನೆಗೆ ಹೋಗಿದ್ದ.
ಮುಚ್ಚಿದ್ದು ಇನ್ನೊಂದು,
ಹಿಡಿಯಿಲ್ಲದ್ದು, ಕಿರುಗುಟ್ಟದ್ದು.

ಪ್ರಮಾಣಪತ್ರದ ವಾಯಿದೆ ಮುಗಿದಿತ್ತು, ಅಷ್ಟೆ.
ತಿಂಗಳಲ್ಲಿ ಮೂರು ಸಲ ಎಚ್ಚರಿಸಿತ್ತಂತೆ,
ಎರಡು ವರ್ಷದ ಹಿಂದೆ ಕೆಲಸ ಬಿಟ್ಟು
ಮನಿಲಾಕ್ಕೆ ಹೋದ ಜೋಸೆಲಿಟೊನ ವಿಳಾಸಕ್ಕೆ.

ಫೋನಿನಲ್ಲಿ ರಾಯಾ ಬಿಂತ್ ಹಮೂದ್,
ಡಿಜಿಟಲ್ ವಿಭಾಗದ ಗ್ರಂಥಪಾಲಕಿ.
ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
"ಮಕ್ಕಳೆಲ್ಲ ಹೊರಗೆ ನಿಂತಿದ್ದಾರೆ, ನಾಗವೇಣಿ" ಎಂದಳು,
ಮಳೆಯಲ್ಲಿ ನೆನೆಯುತ್ತ ನಿಂತಿದ್ದಾರೇನೋ ಎಂಬ ಹಾಗೆ.
ಈ ಊರಿಗೆ ಮಳೆ ಬಂದು ಹದಿಮೂರು ತಿಂಗಳು.

ನೆಲಮಾಳಿಗೆಗೆ ಇಳಿದೆ.
ಹೊರಗೆ ಮೂವತ್ತೈದು ಡಿಗ್ರಿ, ಒಳಗೆ ಹದಿನೆಂಟು.
ಸರ್ವರುಗಳಿಗೆ ಸೆಖೆಯಾಗಬಾರದು.
ಒಮಾನಿಗೆ ಸ್ವೆಟರು ಯಾಕಮ್ಮಾ ಎಂದು
ಕಸ್ಟಮ್ಸಿನವನು ನಕ್ಕಿದ್ದು ಪ್ರತಿ ಸಲ ನೆನಪಾಗುತ್ತದೆ.

ಬಂದ ಹೊಸದರಲ್ಲಿ ರಾಯಾ ಫಲಜ್ ತೋರಿಸಿದ್ದಳು.
ಬೆಟ್ಟದ ಹೊಟ್ಟೆಯಿಂದ ಖರ್ಜೂರದ ತೋಟಕ್ಕೆ
ಮೊಣಕಾಲುದ್ದದ ಕಾಲುವೆ.
ಅಲ್ಲಿ ನೀರನ್ನು ಹೊತ್ತಿನಲ್ಲಿ ಅಳೆಯುತ್ತಾರೆ:
ಹಗಲು ಕೋಲಿನ ನೆರಳು, ಇರುಳು ಚುಕ್ಕಿ.
ಒಂದು ಅಥರ್ ಅಂದರೆ ಅರ್ಧ ಗಂಟೆ.
ಅದು ಮುಗಿದರೆ ಮಣ್ಣು ಸರಿಸಿ
ಪಕ್ಕದವರ ಮಡಿಗೆ ತಿರುಗಿಸಬೇಕು.
"ಈ ಕೆಲಸದವನಿಗೆ ನಿಮ್ಮಲ್ಲಿ ಏನನ್ನುತ್ತಾರೆ?"
"ಕೋಲಾರದ ಕಡೆ ನೀರಗಂಟಿ" ಎಂದೆ.
ಮೂರು ಸಲ ಹೇಳಿ ನೋಡಿದಳು. ನಾಲಿಗೆ ಮಡಿಯಲಿಲ್ಲ.
ನೀರಗಂತಿ.
ಅಂದಿನಿಂದ ನಮ್ಮ ತಾಂತ್ರಿಕ ವಿಭಾಗಕ್ಕೆ
ಅವಳ ಬಾಯಲ್ಲಿ ಅದೇ ಹೆಸರು.

ಮಾಡುವುದೂ ಅದೇ ತಾನೆ.
ಯಾವುದೋ ದೇಶದ ಪ್ರಕಾಶಕರ ಕೆರೆಗಳಿಂದ
ಚಂದಾ ಕಟ್ಟಿ ತಂದ ಪುಟಗಳು.
ಗುರುತು ನೋಡು, ತೂಬು ಎತ್ತು, ಬಿಡು.
ಹರಿಯುವಾಗ ನಾವು ಯಾರಿಗೂ ಇಲ್ಲ.
ನಿಂತರೆ ನಮ್ಮ ನಂಬರು ಊರಿಗೆಲ್ಲ ಬಾಯಿಪಾಠ.

ಒಂದು ನಲವತ್ತಕ್ಕೆ ಹೊಸ ಪತ್ರ ಬಂತು,
ಒಂದಕ್ಷರ ತಪ್ಪಾಗಿ. ಮತ್ತೆ ಕೇಳಿ, ಮತ್ತೆ ಕಾದು,
ಎರಡು ಹತ್ತಕ್ಕೆ ತೂಬು ಬಾಯಿ ಬಿಟ್ಟಿತು.

ಪರದೆಯ ಮೇಲೆ ಒಂದು ಸಾಲು, ಆರು ಸಾಲು,
ಆಮೇಲೆ ಎಣಿಸಲಾಗದಷ್ಟು.
ಅಂಗರಚನೆ. ಒಪ್ಪಂದ ಕಾನೂನು. ಮತ್ತೆ ಅಂಗರಚನೆ.
ನಡುವೆ ಒಂದೇ ಒಂದು ಬೇರೆ ದಿಕ್ಕಿಗೆ:
ಹೋದ ವರ್ಷ ನಾವೇ ಸ್ಕ್ಯಾನ್ ಮಾಡಿದ ಕೈಬರಹ,
ಗೆದ್ದಲು ತಿಂದ ಅಂಚಿನದು,
ಯಾವುದೋ ಹಳ್ಳಿಯ ಫಲಜಿನ ಲೆಕ್ಕ,
ಯಾರ ಮನೆಗೆ ಎಷ್ಟು ಅಥರ್.
ಯಂತ್ರಕ್ಕೆ ಆ ಅಕ್ಷರ ಓದಲು ಬರಲಿಲ್ಲ.
ರಾಯಾ ಮತ್ತಿಬ್ಬರು ಹುಡುಗಿಯರು ಆರು ತಿಂಗಳು ಕೂತು
ಒಂದೊಂದೇ ಹೆಸರು ಟೈಪು ಮಾಡಿದ್ದರು.
ಎರಡು ಟೆರಾಬೈಟು ಜಾಗ ಕೊಡುವಾಗ ಗೊಣಗಿದವಳು ನಾನೇ:
ಇದನ್ನೆಲ್ಲ ಯಾರು ನೋಡುತ್ತಾರೆ?

ಯಾರೋ ನೋಡುತ್ತಿದ್ದರು,
ಎರಡೂವರೆ ರಾತ್ರಿಯಲ್ಲಿ, ಫೋನಿನಲ್ಲಿ, ಪುಟ ನಲವತ್ತೊಂದು.
ಮುಂದೆ ಹೋಗಿ ಹಿಂದೆ ಬಂದು ಮತ್ತೆ ನಲವತ್ತೊಂದು,
ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ.

ಹೆಸರು ಬೇಕಿದ್ದರೆ ಒಂದು ಒತ್ತು ಸಾಕಿತ್ತು.
ರಾಯಾ ಮೊದಲ ದಿನವೇ ನಮ್ಮಿಂದ ರುಜು ಹಾಕಿಸಿಕೊಂಡಿದ್ದಳು:
ಯಾರು ಏನು ಓದಿದರೆಂಬುದು ನಮ್ಮ ಸ್ವತ್ತಲ್ಲ,
ಮೂವತ್ತು ದಿನಕ್ಕೆ ಅಳಿಸತಕ್ಕದ್ದು.
ಬೆರಳನ್ನು ಸ್ವೆಟರಿನ ತೋಳೊಳಗೆ ಎಳೆದುಕೊಂಡೆ.

ಉಳಿದದ್ದು ಒಂದೇ ಕೆಲಸ.
ಇನ್ನು ಮುಂದೆ ಎಚ್ಚರಿಕೆ ಯಾರ ವಿಳಾಸಕ್ಕೆ?
ಜೋಸೆಲಿಟೊನನ್ನು ಅಳಿಸಿ ನನ್ನ ಹೆಸರು ಬರೆದೆ.
ನನ್ನ ವೀಸಾದ ವಾಯಿದೆ ಏಪ್ರಿಲ್‌ವರೆಗೆ.
ಅದನ್ನೂ ಅಳಿಸಿ
ಎಲ್ಲರಿಗೂ ಸೇರಿ ಒಂದು ಅಂಚೆಪೆಟ್ಟಿಗೆ ತೆರೆದೆ, ನೀರಗಂತಿ ಎಂದು,
ಅವಳ ಕಾಗುಣಿತದಲ್ಲೇ.
ಮೊದಲ ಕಾಗದ ನಾನೇ ಹಾಕಿದೆ: ಸುಮ್ಮನೆ, ನೋಡಲಿಕ್ಕೆ.
ಬಂತು.