ಅರೆಕಾಲು

ಬೇರಿಂಗಿಗೆ ಸುತ್ತಿಕೊಂಡು ಬಂದಿತ್ತು ಆ ಹಾಳೆ,
ಎಣ್ಣೆ ಕುಡಿದು, ಹಿಂದಿನದು ಮುಂದೆ ಕಾಣುವಷ್ಟು ತೆಳ್ಳಗಾಗಿ.
ಯಾವ ದೇಶದ ಯಾವ ಕಾಲದ ಕ್ಯಾಲೆಂಡರೋ.
ಹದಿನಾಲ್ಕನೇ ನಂಬರಿನ ಹಳೆಯ ರೇಸು ಕಾರು,
ಎಡಮಗ್ಗುಲು ಮಾತ್ರ.
ಬಾನೆಟ್ಟಿನ ಮೇಲೆ ಒಂದು ಕೈ.
ಕೈಯ ಆಳು ಹರಿದ ಕಡೆ ಉಳಿದಿದ್ದ.

ಅಸ್ಕರಿನ ವರ್ಕ್‌ಶಾಪಿನಲ್ಲಿ ಲೇತಿನವನು ನಾನು.
ದೋಣಿಯ ಶಾಫ್ಟು, ಪಂಪಿನ ಬುಶ್ಶು,
ಒಮ್ಮೆ ಸಖೀರಿನ ರೇಸುಗ್ಯಾಲರಿಯ ಕಂಬಿಗಳಿಗೆ
ನಾನೂರು ನಟ್ಟು.
ಅಲ್ಲಿ ಕೂತು ನೋಡಿದವನಲ್ಲ.
ಪಡುಗಾಳಿಯ ರಾತ್ರಿ ಮಾಳಿಗೆ ಹತ್ತಿದರೆ
ಯಾರೋ ದೂರದಲ್ಲಿ ತಗಡು ಸೀಳಿದ ಹಾಗೆ ಕೇಳುತ್ತದೆ,
ಅಷ್ಟೇ ನನ್ನ ಪಾಲು.

ಕಾಲು, ಅರೆಕಾಲು, ವೀಸ...
ಬೈಂದೂರಿನ ಶಾಲೆಯಲ್ಲಿ ನಿಲ್ಲಿಸಿ ಹೇಳಿಸುತ್ತಿದ್ದರು ಮಂಜಯ್ಯ ಮೇಷ್ಟ್ರು.
ಇದೆಲ್ಲ ಯಾವ ಉಪಯೋಗಕ್ಕೆ ಎಂದು ಕೇಳಿ ಪೆಟ್ಟು ತಿಂದವನಿಗೆ
ನಲವತ್ತು ವರ್ಷ ಕಳೆದು ಉತ್ತರ:
ಎಂಟರಲ್ಲೊಂದು. ಅರೆಕಾಲಿನ ಅಳತೆ.

ಎಂಟರಲ್ಲೊಂದು, ಸರಿ. ಯಾವುದರ?
ಚಿತ್ರದ ಕೆಳಗೆ ಅಳತೆ ಬರೆದಿಲ್ಲ.
ಆ ಅಂಗೈಯ ಮೇಲೆ ನನ್ನ ಅಂಗೈ ಇಟ್ಟೆ:
ಎಂಬತ್ತೈದು ಮಿಲಿಮೀಟರು ಅಗಲ. ನನ್ನದಷ್ಟೇ ಅವನದು ಎಂದು ಹಿಡಿದೆ.
ಕೈಯಿಂದ ಚಕ್ರ, ಚಕ್ರದಿಂದ ಉದ್ದ,
ಉದ್ದದಿಂದ ಒಂದೊಂದು ರಿವೆಟ್ಟಿನ ತಲೆ.

ಮಧ್ಯಾಹ್ನ ಹೊರಗಿನ ಕೆಲಸ ಬಂದಾಗುವ ಎರಡು ತಿಂಗಳು,
ಹೀಗೆ ನಾಲ್ಕು ಬೇಸಿಗೆ.
ಬೋನಿಗೆ ಬೋಟಿನ ಹಿತ್ತಾಳೆ,
ಮೈಗೆ ಅಲ್ಯೂಮಿನಿಯಂ, ಕಾಯಿಸಿ ಬಡಿದು, ಮತ್ತೆ ಕಾಯಿಸಿ.
ಕಡ್ಡಿಗಳಿಗೆ ಕ್ರೇನಿನ ಹಳೇ ವೈರುರೋಪು ಬಿಚ್ಚಿದೆ:
ಚಕ್ರಕ್ಕೆ ಅರವತ್ನಾಲ್ಕು, ನಾಲ್ಕು ಚಕ್ರಕ್ಕೆ ಇನ್ನೂರೈವತ್ತಾರು.
ಮೂರನೇ ಚಕ್ರದಲ್ಲಿ ಒಂದು ಎಳೆ ಹೆಚ್ಚು ಬಿಗಿದು
ಬಳೆ ಕೂದಲೆಳೆಯಷ್ಟು ವಾಲಿತು.
ಅಷ್ಟನ್ನೂ ಕಿತ್ತೆ.
ಸಕ್ಕರೆ ಕಾಯಿಲೆಯ ಫೋರ್‌ಮನ್ ಅಬ್ದುನ್ನಬಿ
ಇನ್ಸುಲಿನ್ ಸೂಜಿ ಎಸೆಯದೆ ತಂದು ಕೊಟ್ಟ;
ಅದೇ ಎಣ್ಣೆಕೊಳವೆ.
ಸೀಟಿಗೆ ವೆಲ್ಡಿಂಗ್ ಕೈಗವುಸಿನ ಹೆಬ್ಬೆರಳು.

ನಾನು ಕೂತರೆ ಎಷ್ಟಿರುತ್ತೇನೆ ಎಂದು ಲೆಕ್ಕ ಹಾಕಿದೆ.
ಉದ್ದ ಎಂಟರಲ್ಲೊಂದಾದರೆ ತೂಕ ಐನೂರ ಹನ್ನೆರಡರಲ್ಲೊಂದು.
ನೂರ ಹದಿನೈದು ಗ್ರಾಂ.
ಒಂದು ಸಣ್ಣ ಪೇರಳೆ.

ಬಲಮಗ್ಗುಲಿಗೆ ಬಂದಾಗ ಕೈ ನಿಂತಿತು.
ರೂಮಿನ ಗುಲ್ಜಮೀರ್, ಸ್ವಾಬಿಯವನು, ಟ್ರಕ್ಕಿನ ಡ್ರೈವರು,
ಮೇಲಿನ ಮಂಚದಿಂದ ತಲೆ ಇಳಿಬಿಟ್ಟು ಹೇಳಿದ:
ಹೊಗೆ ಎಡಕ್ಕೆ ಹೋಗುವುದಾದರೆ ಉಸಿರು ಬಲಕ್ಕೆ, ಉಸ್ತಾದ್.
ಇಂಜಿನ್ನೂ ಮನುಷ್ಯನೇ.
ಎಷ್ಟು ಮೂಗು? ಎಂದೆ.
ಜಗಳವಾಡಿ ಮೂರಕ್ಕೆ ಬಂದೆವು.
ಮೂರು ಕಾರ್ಬ್ಯುರೇಟರು, ಕಡಲೆಬೀಜದಷ್ಟು,
ಒಳಗೆ ತಿರುಗುವ ಚಿಟ್ಟೆರೆಕ್ಕೆ ಸಮೇತ.
ಗುಲ್ಜಮೀರ್ ಬೆಂಕಿಕಡ್ಡಿಯ ತುದಿಯಿಂದ ಪೆಡಲು ಒತ್ತಿದ.
ಮೂರೂ ಒಟ್ಟಿಗೆ ಬಾಯಿ ತೆರೆದವು.
ಆ ರಾತ್ರಿ ನಾವಿಬ್ಬರೂ ಊಟಕ್ಕೆ ಏಳಲಿಲ್ಲ.

ನಿನ್ನೆ ಅಬ್ದುನ್ನಬಿಯ ಮಗಳು ಫಖ್ರಿಯಾ
ಯಾವುದೋ ಹಳೆಯ ಪತ್ರಿಕೆಯ ಪುಟ ಹುಡುಕಿ
ಅಪ್ಪನ ಫೋನಿಗೆ ಕಳಿಸಿದ್ದಳು.
ಹದಿನಾಲ್ಕೇ. ಬಲಮಗ್ಗುಲು. ಬಾನೆಟ್ಟು ತೆರೆದಿದೆ.
ಕಾರ್ಬ್ಯುರೇಟರು ಎರಡು.

ಅದು ಹೋಗಲಿ.
ಪಕ್ಕದಲ್ಲಿ ನಿಂತಿದ್ದಾನೆ ಆ ಕೈಯವನು, ಪೂರ್ತಿ ಆಳು.
ಆಳಲ್ಲ, ಹುಡುಗ.
ಹದಿಮೂರು ಇರಬಹುದು, ಅಪ್ಪನದೋ ಯಾರದೋ ಮೇಲಂಗಿ,
ಉಗುರಿನ ಸಂದಿ ನನ್ನದರ ಹಾಗೇ ಕಪ್ಪು,
ಅಂಗೈ ಮಾತ್ರ ಎಪ್ಪತ್ತೈದು ದಾಟಲಿಕ್ಕಿಲ್ಲ.

ಪೆನ್ಸಿಲು ಹಿಡಿದು ಕೂತೆ.
ಕಾರು ನಾನು ತಿಳಿದದ್ದಕ್ಕಿಂತ ಚಿಕ್ಕದು.
ಮಾಡಿದ್ದು ಅರೆಕಾಲಲ್ಲ, ಏಳರಲ್ಲೊಂದು.
ಏಳರಲ್ಲೊಂದಕ್ಕೆ
ಮಂಜಯ್ಯ ಮೇಷ್ಟ್ರು ಹೆಸರು ಹೇಳಿಕೊಟ್ಟಿಲ್ಲ.

ಯಾರು ನೋಡುತ್ತಾರೆ, ಮುಚ್ಚು, ಎಂದ ಗುಲ್ಜಮೀರ್.
ನಾಳೆ ಶುಕ್ರವಾರ.
ಬೆಳ್ಳಿಬೆಸುಗೆ, ಕಾಯಿಸಿದರೆ ಬಿಡುತ್ತದೆ;
ಮೂರನೆಯದನ್ನು ಕಿತ್ತು ಅವನಿಗೇ ಕೊಡುತ್ತೇನೆ.
ಉಳಿದ ತೂತಿಗೆ ಒಂದು ಬಿರಡೆ ತಿರುವಬೇಕು,
ಎರಡೂವರೆ ಮಿಲಿಮೀಟರು,
ಏಳರ ಲೆಕ್ಕದಲ್ಲಿ.