ಎಂಟು ಮೂವತ್ತೆರಡು

ಎಡಹೆಗಲ ಮೇಲೆ ಒಂದು ಗೆರೆಯಿದೆ ನನಗೆ,
ಇಪ್ಪತ್ತೇಳು ವರ್ಷ ಚಿಲ್ಲರೆ ಚೀಲದ ಪಟ್ಟಿ ಕೊರೆದದ್ದು.
ರವಿಕೆ ಹೊಲಿಯುವ ಪದ್ಮಾವತಿಗೆ ಗೊತ್ತು,
ಆ ಕಡೆಯ ಭುಜ ಅರ್ಧ ಇಂಚು ಇಳಿಸಿಯೇ ಕತ್ತರಿಸುತ್ತಾಳೆ.

ಹಾಗಾಗಿ ಜಬಿವುಲ್ಲಾ ಗಾಜಿನ ಬೀರು ತೆಗೆದು
ದೊಡ್ಡ ಕರೀ ದುರ್ಬೀನನ್ನು ಮೇಜಿನ ಮೇಲಿಟ್ಟಾಗ
ಕಣ್ಣಿಗಿಂತ ಮೊದಲು ಹೆಗಲು ಬೇಡವೆಂದಿತು.
"ಹತ್ತು ಐವತ್ತು, ಮೇಡಂ. ಮುಸ್ಸಂಜೇಲೂ ಬೆಳಕು ಎಳ್ಕೊಳ್ತೈತೆ."
ಮುಸ್ಸಂಜೇಲಿ ನಾನು ಅನ್ನಕ್ಕಿಡ್ತಿರ್ತೀನಿ ಕಣಪ್ಪ, ಅಂದೆ.

ಆದರೂ ಬಾಗಿಲಿಗೆ ಬಂದು ಕೋಟೆಯ ಕಡೆ ಹಿಡಿದೆ.
ಒಂದು ಕಲ್ಲು ಬಂತು. ಅದರ ಮೈಯ ಬಿರುಕು,
ಬಿರುಕಿನಲ್ಲಿ ಒಣಗಿದ ಹುಲ್ಲು,
ಎಲ್ಲವೂ ನಡುಗುತ್ತ,
ನನ್ನ ನಾಡಿ ಹೋಗಿ ಗುಡ್ಡಕ್ಕೆ ತಾಗಿದ ಹಾಗೆ.
ಯಾವ ಬತೇರಿಯ ಕಲ್ಲದು? ಎಡಕ್ಕೇನಿದೆ, ಬಲಕ್ಕೇನಿದೆ?
ದುರ್ಗದಲ್ಲೇ ಹುಟ್ಟಿದವಳು
ದುರ್ಗದಲ್ಲೇ ದಾರಿ ತಪ್ಪಿದೆ.

ಬೇರೆ ಕೊಡು.

ಎಂಟು ಮೂವತ್ತೆರಡು. ಅಂಗೈಯಲ್ಲಿಟ್ಟು ತೂಗಿದೆ:
ಟಿಕೆಟ್ ಯಂತ್ರಕ್ಕಿಂತ ಹಗುರ,
ನಾಲ್ಕು ನಡುಗಾತ್ರದ ಈರುಳ್ಳಿಯಷ್ಟು.
ಕನ್ನಡಕದವರು ಕಣ್ಣಿನ ಬಟ್ಟಲು ಒಳಕ್ಕೆ ತಿರುಗಿಸಬೇಕಂತೆ,
ಅವನೇ ತಿರುಗಿಸಿಕೊಟ್ಟ.
ಈ ಸಲ
ಬತೇರಿ, ಪಕ್ಕದ ಬಂಡೆ, ಬಂಡೆಗೆ ಒರಗಿದ ಆಕಾಶ,
ಅಂಚಿನಲ್ಲಿ ದೂರದ ಗಾಳಿ ಫ್ಯಾನಿನ ಒಂದೇ ರೆಕ್ಕೆ ಬಂದು, ಹೋಗಿ, ಬಂದು,
ನಾನು ಹುಡುಕದೇ ಇದ್ದ ಹದ್ದೊಂದು
ಓರೆಯಾಗಿ ಒಳಗೆ ನುಗ್ಗಿತು,
ಪಾಸು ತೋರಿಸದೆ ಹತ್ತಿದವನಂತೆ.

ಕಂಡಕ್ಟರ್ ಕಣ್ಣು ಅಂದರೆ ಇದೇ ತಾನೆ.
ಜಗಳೂರು ಬಸ್ಸಿನಲ್ಲಿ ಹತ್ತೊಂಬತ್ತನೇ ಸೀಟಿಗೆ ಟಿಕೆಟ್ ಹರಿಯುವಾಗಲೂ
ಹಿಂಬಾಗಿಲು ಮುಂಬಾಗಿಲು ಎರಡೂ ಕಾಣುತ್ತಿರಬೇಕು,
ಮೆಟ್ಟಿಲ ಮೇಲೆ ಜೋತುಬಿದ್ದ ಹುಡುಗ,
ಕಿಟಕಿಯಾಚೆ ಕೋಳಿ ಬುಟ್ಟಿ ಹೊತ್ತು ಓಡಿಬರುವವಳು,
ಕನ್ನಡಿಯಲ್ಲಿ ಡ್ರೈವರ್ ಓಬಳೇಶನ ಹುಬ್ಬು.
ಒಬ್ಬರನ್ನೇ ದಿಟ್ಟಿಸುತ್ತ ನಿಂತರೆ
ಮೂವರು ಸುಮ್ಮನೆ ಇಳಿದುಹೋಗುತ್ತಾರೆ.

ಮೂರು ಸಾವಿರದ ಒಂಬೈನೂರ ಎಂಬತ್ತು.
ನಾಲ್ಕು ಸಾವಿರ ಎಣಿಸಿಟ್ಟೆ.
"ಚಿಲ್ಲರೆ ಇಲ್ಲ ಮೇಡಂ" ಎಂದು
ಬಿಲ್ಲಿನ ಬೆನ್ನಿಗೆ ಇಪ್ಪತ್ತು ಬರೆದು ಸುತ್ತು ಹಾಕಿದ.
ನಕ್ಕೆ. ಯಾಕೆಂದು ಅವನಿಗೆ ತಿಳಿಯಲಿಲ್ಲ.

ಭಾನುವಾರ ಜೋಗಿಮಟ್ಟಿ. ವಾಚರ್ ಪಾಲಯ್ಯ
ಬೆರಳು ತೋರಿಸಿದ್ದು ಇಡೀ ಗುಡ್ಡಕ್ಕೆ:
"ಅಲ್ಲಿ, ಬಂಡೆ ಸಂದೀಲಿ, ಅತ್ತಿ ಗಿಡ."
ಎತ್ತಿದೆ. ಬಂಡೆಗಳ ರಾಶಿಯೇ ಬಂತು,
ಅದರೊಳಗೆ ಎಲ್ಲೋ ಎಲೆಯೊಂದು ಎಲೆಯಂತೆ ಅಲುಗಲಿಲ್ಲ.
ಪಿಕಳಾರ! ಕೊರಳಿಗೆ ಅರಿಸಿನ ಮೆತ್ತಿಕೊಂಡದ್ದು.
ಎಷ್ಟು ಹೊತ್ತು ಅಂತ ಎಣಿಸಲಿಲ್ಲ.
ಹಾರಿತು, ಹಾರಿದ ದಿಕ್ಕು ಕೂಡ ಗಾಜಿನೊಳಗೇ ಇತ್ತು,
ಬಿಟ್ಟುಹೋದ ಕೊಂಬೆಯೂ, ತೂಗುತ್ತ.

ಪಟ್ಟಿ ಈಗ ಬಲಹೆಗಲಿಗೆ.
ಇಪ್ಪತ್ತು ರೂಪಾಯಿ ಇನ್ನೂ ಬರಬೇಕು.